ಏಳು ಬಂದರಿನ ಬೆಲೆಹಲಗೆ

ಭಾನುವಾರ ಸಂಜೆ ಐದು ಗಂಟೆಗೆ ಠಾಣೆಗೆ ಓಡಿಬಂದವನ ಅಂಗಿ ಹೊಗೆ ನಾತ ಹೊಡೆಯುತ್ತಿತ್ತು. ನಲವತ್ತರ ಆಸುಪಾಸಿನ ಮನುಷ್ಯ. ಒಂದು ಕಾಲಿಗೆ ಚಪ್ಪಲಿ ಇರಲಿಲ್ಲ.

"ನಮ್ಮ ಮಾರುಕಟ್ಟೆಗೆ ಯಾರೋ ಬೆಂಕಿ ಇಟ್ಟಿದ್ದಾರೆ ಸರ್."

ದಫೇದಾರ ಪೆನ್ನು ತೆಗೆದ. ಇಪ್ಪತ್ತೆಂಟು ವರ್ಷದ ಸರ್ವೀಸು, ಅದಕ್ಕಿಂತ ಹಳೆಯ ಮೀಸೆ. "ಯಾವ ಮಾರುಕಟ್ಟೆ? ತರಕಾರಿದಾ, ಬಟ್ಟೆದಾ?"

"ಬಟ್ಟೆ, ಉಪ್ಪು, ಕಬ್ಬಿಣ ಎಲ್ಲ ಸಿಗತ್ತೆ... ಅಯ್ಯೋ, ಅದಲ್ಲ ಸರ್. ಆಟದ ಮಾರುಕಟ್ಟೆ. ಕಂಪ್ಯೂಟರ್ ಒಳಗಡೆ ಇದೆ."

ದಫೇದಾರ ಪೆನ್ನಿಗೆ ಮುಚ್ಚಳ ಹಾಕಿದ. "ಕುಡಿದಿದ್ದೀರಾ?"

"ನಮ್ಮ ಹುಡುಗಿ ಆಸ್ಪತ್ರೆಯಲ್ಲಿದ್ದಾಳೆ. ಹೊಗೆ ಕುಡಿದು ಪ್ರಜ್ಞೆ ಇಲ್ಲ."

ಪೆನ್ನಿನ ಮುಚ್ಚಳ ಮತ್ತೆ ತೆರೆಯಿತು. ಸಂಜೆ ೫.೪೦ಕ್ಕೆ ಎಫ್‌ಐಆರ್ ದಾಖಲಾಯಿತು. ದೂರುದಾರ, ಮೂರನೇ ಮಹಡಿಯಲ್ಲಿರುವ ಒಂದು ಆಟದ ಕಂಪನಿಯ ಮಾಲೀಕ. ಗಾಯಾಳು, ಅಲ್ಲಿ ಕೆಲಸ ಮಾಡುವ ಇಪ್ಪತ್ತೊಂಬತ್ತು ವರ್ಷದ ವಿನ್ಯಾಸಕಿ. ಆಟದೊಳಗಿನ ವ್ಯಾಪಾರ ಹೇಗೆ ನಡೆಯಬೇಕೆಂದು ಗೊತ್ತು ಮಾಡುವುದು ಅವಳ ಕೆಲಸ. ರಜಾ ದಿನ ಒಬ್ಬಳೇ ಕಚೇರಿಗೆ ಹೋಗಿದ್ದಳು.

ಇನ್‌ಸ್ಪೆಕ್ಟರ್ ಆರು ಗಂಟೆಗೆ ಸ್ಥಳಕ್ಕೆ ಬಂದರು. ಮಾತು ಕಡಿಮೆ, ಕೇಳುವುದು ಜಾಸ್ತಿ ಎಂದು ಹೆಸರಾದ ಹೆಂಗಸು. ಅಗ್ನಿಶಾಮಕದವರು ಕೆಲಸ ಮುಗಿಸಿ ಪೈಪು ಸುತ್ತುತ್ತಿದ್ದರು. ದೊಡ್ಡ ಹಾಲಿನಲ್ಲಿ ಮೇಜು, ಕುರ್ಚಿ, ಗೋಡೆಗೆ ಅಂಟಿಸಿದ ಹಡಗುಗಳ ಚಿತ್ರ, ಎಲ್ಲವೂ ಮಸಿ ಹಿಡಿದಿದ್ದರೂ ಇದ್ದಲ್ಲೇ ಇದ್ದವು. ಬೆಂದುಹೋಗಿದ್ದು ಹಿಂದಿನ ಚಿಕ್ಕ ಕೋಣೆಯೊಂದೇ. ಅಲ್ಲಿ ಕಪಾಟಿನಂಥ ಚೌಕಟ್ಟಿನಲ್ಲಿ ಜೋಡಿಸಿದ್ದ ಯಂತ್ರಗಳು ಕರಗಿ ಒಂದಕ್ಕೊಂದು ಅಂಟಿಕೊಂಡಿದ್ದವು.

"ಈ ಕೋಣೆಯಲ್ಲಿ ಏನಿತ್ತು?"

"ಹೊಸ ಮಾರುಕಟ್ಟೆ ಮೇಡಂ. ಬರೋ ವಾರ ಶುರು ಮಾಡೋರಿದ್ವಿ," ಮಾಲೀಕ ಹೇಳಿದ. "ಹಳೇ ಆಟದ ನಕಲು ಬೇರೆ ಕಡೆ ಇದೆ. ಈಗ ಕರೆಂಟು ಹೋಗಿ ಎಲ್ಲ ನಿಂತಿದೆ, ಮೂರ್ನಾಲ್ಕು ದಿನಕ್ಕೆ ಎಬ್ಬಿಸಬಹುದು. ಹೊಸದರ ಕೆಲಸ ಮಾತ್ರ ಇಲ್ಲೇ ಇತ್ತು."

"ಅಂದ್ರೆ ಬೆಂಕಿಗೆ ಯಾವುದು ಬೇಕು ಅಂತ ಗೊತ್ತಿತ್ತು."

ಯಾವ ಕೋಣೆ ಸುಟ್ಟಿತೆಂಬುದನ್ನು ಯಾರಿಗೂ ಹೇಳಕೂಡದೆಂದು ಇನ್‌ಸ್ಪೆಕ್ಟರ್ ಮಾಲೀಕನಿಗೂ ಅಗ್ನಿಶಾಮಕದವರಿಗೂ ತಾಕೀತು ಮಾಡಿದರು.

ವಿನ್ಯಾಸಕಿ ಬಿದ್ದಿದ್ದ ಜಾಗ ಸುಟ್ಟ ಕೋಣೆಯೂ ಅಲ್ಲ, ಹಾಲೂ ಅಲ್ಲ. ಹಿಂಬದಿಯ ಮೆಟ್ಟಿಲ ತಿರುವಿನಲ್ಲಿ ಅವಳನ್ನು ಒಂದು ಮಗ್ಗುಲಿಗೆ ಮಲಗಿಸಲಾಗಿತ್ತು. ಹೊಗೆ ಕಂಡು ಮೇಲೆ ಓಡಿಬಂದವನು ಕೆಳ ಅಂಗಡಿಯ ದರ್ಜಿ. ಆಂಬುಲೆನ್ಸಿಗೆ ಫೋನ್ ಮಾಡಿದವನೂ ಅವನೇ.

"ನೀವು ಎಳೆದು ತಂದ್ರಾ?"

"ಇಲ್ಲಮ್ಮ, ನಾ ಬಂದಾಗಲೇ ಇಲ್ಲಿದ್ದರು. ತಲೆ ಕೆಳಗೆ ಆ ಬಟ್ಟೆನೂ ಇತ್ತು."

ನಾಲ್ಕು ಮಡಿಕೆ ಮಾಡಿದ ದಪ್ಪ ನೀಲಿ ತಾಡಪಾಲು. ಅಗ್ನಿಶಾಮಕದವರು ಅದು ಕಚೇರಿಯದೆಂದುಕೊಂಡಿದ್ದರು. ಮಾಲೀಕ ಅದು ಅಗ್ನಿಶಾಮಕದವರದೆಂದುಕೊಂಡಿದ್ದ. ದಫೇದಾರ ಅದನ್ನು ಬಗಲಿಗೆ ಸಿಕ್ಕಿಸಿಕೊಂಡು ಪಂಚರನ್ನು ಹುಡುಕಲು ಹೊರಟ.

ಸೋಮವಾರ ಬೆಳಿಗ್ಗೆ ವಿದ್ಯುತ್ ತಜ್ಞರು ಬಂದರು. ಪಂಚನಾಮೆ ಮುಗಿಯುವ ಹೊತ್ತಿಗೆ ಒಂದು ವಿಷಯ ಖಚಿತವಾಯಿತು. ಯಾರೋ ಚಿಕ್ಕ ಕೋಣೆಯ ಎಸಿಯನ್ನು ಕೆಡಿಸಿ, ತಾನಾಗಿ ಕರೆಂಟು ಕಡಿಯುವ ಟ್ರಿಪ್ಪರು ಬೀಳದಂತೆ ಒಂದು ತುಂಡು ತಂತಿ ಕಟ್ಟಿದ್ದರು. ಎಸಿ ನಿಂತು ಯಂತ್ರ ಬಿಸಿಯಾಗಿದೆ, ತಂತಿ ಕಿಡಿ ಹಾರಿಸಿದೆ, ಸುತ್ತಲಿನ ಹೊದಿಕೆ ಹತ್ತಿಕೊಂಡಿದೆ.

"ಬೆಂಕಿ ಹಚ್ಚೋಕೇ ಮಾಡಿದ್ದಾ?" ಇನ್‌ಸ್ಪೆಕ್ಟರ್ ಕೇಳಿದರು.

"ಹಾಗೆ ಹೇಳಕ್ಕಾಗಲ್ಲ. ಯಂತ್ರ ಬಿಸಿಯಾಗಿ ಕೆಟ್ಟುಹೋಗ್ಲಿ ಅಂತಲೂ ಮಾಡಿರಬಹುದು. ಆದರೆ ತಾನಾಗಿ ಆದದ್ದಲ್ಲ. ಕೈ ಬಲ್ಲವನು ಮಾಡಿದ್ದು."

ಅದೇ ದಿನ ಇನ್ನೊಂದು ವಿಷಯ ಹೊರಬಿತ್ತು. ಎರಡು ತಿಂಗಳ ಹಿಂದಷ್ಟೇ ಮಾಲೀಕ ಕಚೇರಿಯ ವಿಮೆಯನ್ನು ದುಪ್ಪಟ್ಟು ಮಾಡಿಸಿದ್ದ. ಇನ್‌ಸ್ಪೆಕ್ಟರ್ ಅವನನ್ನು ಕರೆಸಿ ಎದುರಿಗೆ ಕೂರಿಸಿಕೊಂಡರು.

"ನಿನ್ನೆ ಇದನ್ನ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀವು ಹೀಗೇ ನೋಡ್ತೀರಿ ಅಂತ ಗೊತ್ತಿತ್ತು."

"ಹೇಳದೆ ಇದ್ದದ್ದಕ್ಕೂ ಹೀಗೇ ನೋಡ್ತಿದ್ದೀನಿ."

"ಸಾಲ ಕೊಟ್ಟ ಬ್ಯಾಂಕಿನವರು ಮಾಡಿಸಲೇಬೇಕು ಅಂದರು. ಬೇಕಾದ್ರೆ ಕೇಳಿ." ಮಾಲೀಕ ಕೈ ಉಜ್ಜಿಕೊಂಡ. "ಸುಡೋದಿದ್ರೆ ಹಳೇ ಮೇಜು ಕುರ್ಚಿ ಸುಡ್ತಿದ್ದೆ ಮೇಡಂ. ಒಂದೂವರೆ ವರ್ಷದ ಕೆಲಸಾನ ಯಾರಾದ್ರೂ ಸುಟ್ಕೊಳ್ತಾರಾ?"

ಮಾತು ಸರಿಯಾಗಿತ್ತು. ಆದರೂ ಅವನು ಹೋದ ಮೇಲೆ ಇನ್‌ಸ್ಪೆಕ್ಟರ್ ಬ್ಯಾಂಕಿಗೆ ಫೋನು ಮಾಡಿದರು. ಬ್ಯಾಂಕಿನವರು ಹೌದೆಂದರು. ಅಷ್ಟರಿಂದ ಅವನು ಪಟ್ಟಿಯಿಂದ ಹೊರಗಾಗಲಿಲ್ಲ.

ಮಂಗಳವಾರ ವಿನ್ಯಾಸಕಿ ಮಾತಾಡಬಹುದೆಂದು ವೈದ್ಯರು ಹೇಳಿದರು. ಧ್ವನಿ ಒಡೆದುಹೋಗಿತ್ತು. ನಾಲ್ಕು ಮಾತಿಗೊಮ್ಮೆ ನೀರು ಕುಡಿಯುತ್ತಿದ್ದಳು.

"ಈ ಹೊಸ ಮಾರುಕಟ್ಟೆ ಅಂದ್ರೆ ಏನಮ್ಮ? ನನಗೆ ಅರ್ಥ ಆಗೋ ಹಾಗೆ ಹೇಳು."

ಅವಳು ಹೇಳಿದಳು. ಆಟದ ಹೆಸರು 'ಏಳು ಬಂದರು'. ಸಾವಿರಾರು ಜನ ಒಟ್ಟಿಗೆ ಆಡುವಂಥದ್ದು. ಒಬ್ಬ ಕಮ್ಮಾರ, ಒಬ್ಬಳು ನೇಕಾರಳು, ಇನ್ನೊಬ್ಬ ದೋಣಿಯವ, ಹೀಗೆ ಒಬ್ಬೊಬ್ಬರಿಗೆ ಒಂದೊಂದು ಕಸುಬು. ಕಿವಿಗೆ ಹೆಡ್‌ಫೋನು ಹಾಕಿಕೊಂಡರೆ ಎದುರಿಗೆ ನಿಂತವರ ಜೊತೆ ಬಾಯಿಬಿಟ್ಟೇ ಮಾತಾಡಬಹುದು. ಏಳು ಊರಲ್ಲಿ ಏಳು ಬೆಲೆ. ಒಂದು ಊರಲ್ಲಿ ಉಪ್ಪು ಅಗ್ಗ, ಮತ್ತೊಂದು ಊರಲ್ಲಿ ಚಿನ್ನದ ಬೆಲೆ. ಎಲ್ಲಿ ಎಷ್ಟೆಂದು ತಿಳಿಯಬೇಕಾದರೆ ಹೋಗಿ ನೋಡಬೇಕು, ಇಲ್ಲವೇ ಗೊತ್ತಿದ್ದವರನ್ನು ಕೇಳಬೇಕು.

"ಹೊಸಬರಿಗೆ ಗೊತ್ತಿರಲ್ಲ. ಮೋಸ ಹೋಗ್ತಾರೆ. ವಾರದೊಳಗೆ ಆಟ ಬಿಟ್ಟು ಹೋಗ್ತಾರೆ. ಅದಕ್ಕೆ ಪ್ರತಿ ಬಂದರಲ್ಲೂ ಒಂದು ಹಲಗೆ ನಿಲ್ಲಿಸಬೇಕು ಅಂತ ಮಾಡಿದ್ವಿ. ಏಳೂ ಊರಿನ ಬೆಲೆ ಅದರಲ್ಲಿ ಕಾಣತ್ತೆ. ಅಲ್ಲೇ ನಿಂತು ಕೊಳ್ಳಬಹುದು, ಮಾರಬಹುದು. ಹೋದ ತಿಂಗಳು ಹದಿನೈದು ದಿನ ಹಾಕಿ ನೋಡಿದ್ವಿ. ಚೆನ್ನಾಗಿ ನಡೀತು."

"ಯಾರಿಗೆ ನಷ್ಟ?"

"ಉಪ್ಪಿನ ಸಾಹುಕಾರನಿಗೆ," ತಡವಿಲ್ಲದೆ ಬಂತು ಉತ್ತರ. "ಆಟದಲ್ಲಿ ಅವನಿಗೆ ಎಲ್ಲರೂ ಹಾಗೇ ಅನ್ನೋದು. ಆರು ಹೆಸರಲ್ಲಿ ಆಡ್ತಾನೆ. ಉಪ್ಪೆಲ್ಲ ತಾನೇ ಕೊಂಡು ಬಚ್ಚಿಡ್ತಾನೆ. ಹಲಗೆ ಹಾಕಿದ್ರೆ ನಿಮ್ಮ ಕಚೇರಿಗೇ ಬೆಂಕಿ ಬೀಳತ್ತೆ ಅಂತ ಎಲ್ಲರೆದುರು ಕೂಗಿದ್ದ."

"ಭಾನುವಾರ ಏನಾಯ್ತು?"

"ಸ್ವಲ್ಪ ಕೆಲಸ ಉಳಿದಿತ್ತು ಅಂತ ಹೋಗಿದ್ದೆ. ಹೊಗೆ ಬಂತು. ಬಾಗಿಲು ಯಾವ ಕಡೆ ಅಂತ ಗೊತ್ತಾಗಲಿಲ್ಲ. ಆಮೇಲೆ ಯಾರೋ ಕಂಕುಳಿಗೆ ಕೈ ಹಾಕಿ ಎಳೆದರು. ಗಂಡಸು. ಎಳೀತಾ ಬೈತಿದ್ದ."

"ಏನಂತ?"

"'ರಜಾ ದಿನ ನೀನ್ಯಾಕೆ ಇಲ್ಲಿ ಸಾಯ್ತಿದ್ದೀಯಾ' ಅಂತ. ಅಳ್ತಾ ಬೈದ ಹಾಗಿತ್ತು. ಯಾರ ದನಿ ಅಂತ ಗುರುತು ಸಿಗಲಿಲ್ಲ."

ಜೀಪಿನಲ್ಲಿ ದಫೇದಾರ ಹೇಳಿದ, "ದಾರೀಲಿ ಹೋಗ್ತಿದ್ದ ಪುಣ್ಯಾತ್ಮ ಯಾರೋ ಇರಬೇಕು ಮೇಡಂ. ಪೊಲೀಸು ಅಂದ್ರೆ ಭಯ ಬಿದ್ದು ಓಡಿದ್ದಾನೆ."

"ದಾರೀಲಿ ಹೋಗೋನು 'ನೀನ್ಯಾಕೆ ಇಲ್ಲಿ' ಅಂತ ಯಾಕೆ ಬೈತಾನೆ?" ಇನ್‌ಸ್ಪೆಕ್ಟರ್ ಕಿಟಕಿಯಾಚೆ ನೋಡುತ್ತ ಅಂದರು. "ಒಳಗೆ ಯಾರೂ ಇಲ್ಲ ಅಂದ್ಕೊಂಡು ಕೆಲಸ ಮುಗಿಸಿದವನು ಅವನು. ಕೈ ಯಾಕೆ ಕೆರ್ಕೊಳ್ತಿದ್ದೀರಿ?"

"ಎರಡು ದಿನದಿಂದ ಹೀಗೇ. ಕ್ವಾರ್ಟರ್ಸ್‌ನಲ್ಲಿ ತಿಗಣೆ ಹೆಚ್ಚಾಗಿದೆ. ಹೆಂಡತಿ ಕೇಳಿದ್ರೆ ನನ್ನ ಮೇಲೇ ತಪ್ಪು ಹಾಕ್ತಾಳೆ."

ಉಪ್ಪಿನ ಸಾಹುಕಾರನ ನಿಜವಾದ ಅಂಗಡಿ ಪತ್ತೆಯಾಗಲು ಒಂದು ದಿನ ಬೇಕಾಯಿತು. ಅದು ವಿದ್ಯುತ್ ಸಾಮಾನಿನ ಅಂಗಡಿ ಎಂದು ಗೊತ್ತಾದಾಗ ದಫೇದಾರನ ಮೀಸೆ ನೆಟ್ಟಗಾಯಿತು. ಗೋಡೆ ತುಂಬ ತಂತಿಯ ಸುರುಳಿ, ಸ್ವಿಚ್ಚು, ಟ್ರಿಪ್ಪರು. ನಡುವೆ ಬೊಜ್ಜಿನ ಮನುಷ್ಯನೊಬ್ಬ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಬೆವರುತ್ತಿದ್ದ.

"ಬೆಂಕಿ ಬೀಳತ್ತೆ ಅಂದದ್ದು ಹೌದಾ?"

"ಬಾಯಿ ಮಾತು ಮೇಡಂ. ಆಟದಲ್ಲಿ ಯಾರು ಏನು ಬೇಕಾದ್ರೂ ಅಂತಾರೆ. ನನ್ನನ್ನೇ ಸಮುದ್ರಕ್ಕೆ ಹಾಕ್ತೀನಿ ಅಂತ ದಿನಾ ಹತ್ತು ಜನ ಹೇಳ್ತಾರೆ."

"ಭಾನುವಾರ ಮಧ್ಯಾಹ್ನ ಎಲ್ಲಿದ್ರಿ?"

"ಷಡ್ಡಕನ ಮನೆ ಸಾಗಿಸ್ತಿದ್ದೆ. ಬೀರು ಹೊತ್ತು ಸೊಂಟ ಹಿಡ್ಕೊಂಡಿದೆ ನೋಡಿ. ಹೆಂಡತಿ ತಂಗಿ ಮನೆ ಕೆಲಸ, ಇಲ್ಲ ಅನ್ನಕ್ಕಾಗತ್ತಾ?"

"ಹಲಗೆ ಬಂದ್ರೆ ನಿಮಗೆ ನಷ್ಟ ಅಲ್ವಾ?"

ಸಾಹುಕಾರ ಮೊದಲ ಬಾರಿ ನಕ್ಕ. "ಹಲಗೆ ಬಂದ್ರೆ ಹಲಗೇಲಿರೋ ಉಪ್ಪೆಲ್ಲ ನಾನೇ ಕೊಳ್ತೀನಿ. ಊರೂರು ಸುತ್ತೋದು ತಪ್ಪತ್ತೆ. ಆ ಹದಿನೈದು ದಿನ ಬೈದಿದ್ದು ಮೊದಮೊದಲು. ಆಮೇಲೆ ನನಗೆ ಇಷ್ಟ ಆಗೋಯ್ತು."

ಲಾರಿಯವನೂ ಷಡ್ಡಕನೂ ಅವನ ಸೊಂಟದ ಕತೆಯನ್ನು ಒಪ್ಪಿದರು. ಹೊರಗೆ ಬಂದ ಇನ್‌ಸ್ಪೆಕ್ಟರ್ ಜೀಪು ಹತ್ತದೆ ನಿಂತರು.

"ಯಾರಿಗೆ ನಷ್ಟ ಅಂತ ಆ ಹುಡುಗಿಗೇ ಸರಿಯಾಗಿ ಗೊತ್ತಿಲ್ಲ. ಆಡೋರಿಗೆ ಗೊತ್ತಿರತ್ತೆ. ನೀವು ಆಡಿ."

"ನಾನಾ?" ದಫೇದಾರ ಗಾಬರಿಯಾದ.

"ನಾಳೆಯಿಂದ. ಇದು ಆರ್ಡರ್."

ಬುಧವಾರ ಸಂಜೆ ಕಂಪನಿಯವರು ಹಳೆಯ ಆಟವನ್ನು ಎಬ್ಬಿಸಿದರು. ಹಲಗೆಯನ್ನು ಮುಂದೂಡಿದ್ದೇವೆ, ಕಾರಣ ಆಮೇಲೆ ತಿಳಿಸುತ್ತೇವೆ ಎಂದಷ್ಟೇ ಆಟಗಾರರಿಗೆ ಹೇಳಿದರು. ಗುರುವಾರ ಠಾಣೆಯ ಹಿಂದಿನ ಕೋಣೆಯಲ್ಲಿ ಹೆಡ್‌ಫೋನು ಸಿಕ್ಕಿಸಿಕೊಂಡು ದಫೇದಾರ ಏಳು ಬಂದರಿನ ಉಪ್ಪಿನ ವ್ಯಾಪಾರಿಯಾದ. ಮೊದಲ ಗಂಟೆಯಲ್ಲಿ ಅವನ ದೋಣಿ ಹೋಯಿತು, ಎರಡನೆಯ ಗಂಟೆಯಲ್ಲಿ ಅಂಗಿ ಹೋಯಿತು. "ಕಳ್ಳ ನನ್ಮಕ್ಳು!" ಎಂದು ಅವನು ಕೂಗಿದ್ದು ಲಾಕಪ್ಪಿನವರೆಗೂ ಕೇಳಿಸಿತು. ಒಳಗಿದ್ದ ನಿಜವಾದ ಕಳ್ಳ ಎದ್ದು ಕೂತ.

ಆಗ ಕಿವಿಯಲ್ಲಿ ಒಬ್ಬ ಹೆಂಗಸಿನ ಧ್ವನಿ ಬಂತು. ಗಂಟಲು ಬಿಟ್ಟು ಮಾತಾಡಿ ರೂಢಿಯಾದ, ದುಂಡನೆಯ ಧ್ವನಿ.

"ಯಾಕಣ್ಣ, ಬರೀ ಮೈಯಲ್ಲಿ ನಿಂತಿದ್ದೀಯಾ? ಉಪ್ಪು ತಗೊಂಡು ಉಪ್ಪಿನ ಊರಿಗೇ ಬಂದ್ಯಾ ಮಾರೋಕೆ?"

"ಇಲ್ಲಿ ಎಲ್ಲರೂ ಜಾಸ್ತಿ ಬೆಲೆ ಇದೆ ಅಂದರು ತಾಯಿ."

"ಅನ್ನದೆ ಏನು? ಈ ಬಟ್ಟೆ ಹಾಕ್ಕೋ. ನಾಲ್ಕನೇ ಬಂದರಿಗೆ ಹೋಗು, ಅಲ್ಲಿ ಮೀನು ಒಣಗಿಸೋರು ಇದ್ದಾರೆ. ಅಕ್ಕ ಕಳಿಸಿದಳು ಅನ್ನು, ತೂಕದಲ್ಲಿ ಮೋಸ ಮಾಡಲ್ಲ."

ಅವಳನ್ನು ಆಟದವರೆಲ್ಲ ಧಾರಣೆ ಅಕ್ಕ ಎನ್ನುತ್ತಿದ್ದರು. ಅವಳು ಏನನ್ನೂ ಮಾರುತ್ತಿರಲಿಲ್ಲ. ಮೊದಲನೇ ಬಂದರಿನ ಕಟ್ಟೆಯ ಮೇಲೆ ಕೂತು, ಬಂದವರಿಗೆ ಎಲ್ಲಿ ಏನು ಬೆಲೆ, ಯಾರು ನಂಬಿಗಸ್ತರೆಂದು ಹೇಳುತ್ತಿದ್ದಳು. ಸಂಜೆಯೊಳಗೆ ದಫೇದಾರ ಹೊಸ ದೋಣಿಯ ಯಜಮಾನನಾದ. ಕೊಟ್ಟ ಕೆಲಸವೇನೆಂದು ನೆನಪಿಸಲು ಇನ್‌ಸ್ಪೆಕ್ಟರ್ ಎರಡು ಸಲ ಬಾಗಿಲು ತಟ್ಟಬೇಕಾಯಿತು.

ಅಷ್ಟರಲ್ಲಿ ಪ್ರಯೋಗಾಲಯದಿಂದ ಫೋನು ಬಂತು. ತಾಡಪಾಲಿನ ತುಂಬ ಗಾಜಿನ ಉಣ್ಣೆಯ ಎಳೆಗಳಿವೆ, ಬರಿಗೈಯಲ್ಲಿ ಮುಟ್ಟಿದವರಿಗೆ ದಿನಗಟ್ಟಲೆ ತುರಿಕೆ ಬರುತ್ತದೆ ಎಂದರು. ಇನ್‌ಸ್ಪೆಕ್ಟರ್ ದಫೇದಾರನ ಕೈ ನೋಡಿದರು.

"ತಿಗಣೆ ಅಲ್ಲ ಕಣ್ರೀ. ಎಸಿ ಗಾಳಿ ಕೊಳವೆಗೆ ಸುತ್ತೋ ಉಣ್ಣೆ. ಹೆಂಡತಿಗೆ ಹೋಗಿ ಹೇಳಿ."

ಮಾಲೀಕನನ್ನು ಮತ್ತೆ ಕೇಳಿದರು. ಕಳೆದ ವಾರ ಕಚೇರಿಗೆ ಹೊರಗಿನವರು ಯಾರು ಬಂದಿದ್ದರು? ಯಾರೂ ಇಲ್ಲ ಎಂದ. ಎಸಿ ನೋಡಿಕೊಳ್ಳುವವರು? "ಓ, ಅವರಾ? ಅವರು ಬರ್ತಾನೇ ಇರ್ತಾರೆ. ಐದು ವರ್ಷದಿಂದ ಅವರೇ."

ಎಸಿ ಮೆಕ್ಯಾನಿಕ್ ಶುಕ್ರವಾರ ಬೆಳಿಗ್ಗೆ ಹೇಳಿದ ಹೊತ್ತಿಗೆ ಬಂದ. ಐವತ್ತರ ಹತ್ತಿರದವನು, ಸಣಕಲ, ಇಸ್ತ್ರಿ ಮಾಡಿದ ಅಂಗಿ. ತಾಡಪಾಲನ್ನು ನೋಡಿ ಒಂದು ಕ್ಷಣವೂ ತಡೆಯಲಿಲ್ಲ.

"ನಂದೇ. ಕೆಲಸ ಮಾಡುವಾಗ ಕೆಳಗೆ ಹಾಸ್ತೀನಿ. ಟೆರೇಸ್‌ನಲ್ಲೇ ಬಿಟ್ಟಿರ್ತೀನಿ."

"ಟೆರೇಸ್ ಬಾಗಿಲ ಕೀಲಿ?"

"ಒಂದು ನನ್ನ ಹತ್ರ ಇದೆ. ಆದರೆ ಆ ಬೀಗ ಹೆಸರಿಗಷ್ಟೇ. ಒಂದು ಗುದ್ದಿದ್ರೆ ತೆರ್ಕೊಳ್ಳತ್ತೆ."

"ಭಾನುವಾರ?"

"ಮನೇಲಿದ್ದೆ. ನನ್ನ ಹೆಂಡತಿಗೆ ನಡೆಯೋಕಾಗಲ್ಲ. ರಜಾ ದಿನ ನಾನು ಎಲ್ಲೂ ಹೋಗಲ್ಲ."

"ಬೆಂಕಿ ವಿಷಯ ಯಾವಾಗ ಗೊತ್ತಾಯ್ತು?"

"ಸೋಮವಾರ ಮಧ್ಯಾಹ್ನ. ಸಾಹೇಬ್ರು ಫೋನ್ ಮಾಡಿದ್ರು. ಏನು ಸುಟ್ಟಿದೆ ಅಂತ ಅವರೂ ಹೇಳಲಿಲ್ಲ." ಸ್ವಲ್ಪ ತಡೆದು ಕೇಳಿದ, "ಆ ಹುಡುಗಿ ಹೇಗಿದ್ದಾಳೆ?"

"ಯಾಕೆ?"

"ಐದು ವರ್ಷದಿಂದ ನೋಡ್ತಿದ್ದೀನಲ್ಲ. ಕಾಫಿ ಕುಡಿಯುವಾಗ ನನಗೂ ಒಂದು ಲೋಟ ಹಾಕ್ತಿದ್ದಳು."

ಕಳಿಸಿಕೊಟ್ಟರು. ಇಟ್ಟುಕೊಳ್ಳಲು ಕಾರಣವಿರಲಿಲ್ಲ. ಮಾಲೀಕನೊಂದಿಗೆ ಜಗಳವಿಲ್ಲ, ಕಂಪನಿಯಿಂದ ಬಾಕಿಯಿಲ್ಲ, ಆಟ ಆಡುವುದೂ ಇಲ್ಲ. ಇನ್‌ಸ್ಪೆಕ್ಟರಿಗೆ ಮಾತ್ರ ಸಮಾಧಾನವಿರಲಿಲ್ಲ. ಠಾಣೆಗೆ ಕರೆಸಿಕೊಂಡವರು ಮೊದಲು ತಮ್ಮ ಗತಿಯೇನೆಂದು ಕೇಳುತ್ತಾರೆ. ಇವನು ಹುಡುಗಿಯ ಗತಿ ಕೇಳಿದ. ಒಳ್ಳೆಯವನಾದರೂ ಹಾಗೆ ಕೇಳಬಹುದು, ಅಪರಾಧಿಯಾದರೂ ಹಾಗೆ ಕೇಳಬಹುದು.

ಶನಿವಾರ ಮಧ್ಯಾಹ್ನ ದಫೇದಾರ ಹೆಡ್‌ಫೋನು ತೆಗೆದಿಟ್ಟು ಇನ್‌ಸ್ಪೆಕ್ಟರ್ ಮೇಜಿನ ಎದುರು ಬಂದು ನಿಂತ. ಮುಖ ಬಾಡಿತ್ತು.

"ಏನ್ರೀ? ಮತ್ತೆ ಅಂಗಿ ಹೋಯ್ತಾ?"

"ಇಲ್ಲ ಮೇಡಂ. ನಾನು ಅಕ್ಕನ ಹತ್ರ ಸುಮ್ಮನೆ ಮಾತಿಗೆ ಕೇಳ್ದೆ, ಆಟ ನಿಂತಿದ್ದಾಗ ಏನು ಮಾಡಿದ್ರಿ ಅಂತ. ಭಾನುವಾರ ಸಂಜೆ ಪರದೆ ಇದ್ದಕ್ಕಿದ್ದಂಗೆ ಕಪ್ಪಾಯ್ತಂತೆ. ಎಲ್ಲ ಮುಗೀತು ಅಂತ ಅತ್ತಳಂತೆ. ಆಗ ಯಜಮಾನರು ಮನೆಗೆ ಬಂದು ಸಮಾಧಾನ ಮಾಡಿದ್ರಂತೆ. 'ಅಳಬೇಡ, ಆಟ ವಾಪಸ್ ಬರತ್ತೆ, ಸುಟ್ಟಿರೋದು ಹಲಗೆ ಇದ್ದ ಚಿಕ್ಕ ಕೋಣೆ ಮಾತ್ರ' ಅಂತ."

ಇನ್‌ಸ್ಪೆಕ್ಟರ್ ಕುರ್ಚಿಯಲ್ಲಿ ನೆಟ್ಟಗಾದರು. "ಭಾನುವಾರ ಸಂಜೆ?"

"ಹೌದು. ಯಜಮಾನರಿಗೆ ಅದು ಹೇಗೆ ಗೊತ್ತು ಅಂತ ಕೇಳ್ದೆ. 'ಅವರು ಎಸಿ ಕೆಲಸ ಮಾಡ್ತಾರಣ್ಣ, ನಮ್ಮ ಬಂದರನ್ನೆಲ್ಲ ತಣ್ಣಗಿಡೋದು ಅವರೇ' ಅಂದಳು." ದಫೇದಾರ ಟೋಪಿಯನ್ನು ಕೈಯಲ್ಲಿ ತಿರುಗಿಸಿದ. "ಹೆಮ್ಮೆಯಿಂದ ಹೇಳಿದಳು ಮೇಡಂ. ನಾನು ಪೊಲೀಸು ಅಂತ ಅವಳಿಗೆ ಗೊತ್ತಿಲ್ಲ. ಅಣ್ಣ ಅಂತಾಳೆ."

"ನೀವು ನಿಮ್ಮ ಕೆಲಸ ಮಾಡಿದ್ದೀರಿ."

"ಮಾಡಿದ್ದೀನಿ," ಅಂದ ದಫೇದಾರ. ಆ ದಿನ ಮತ್ತೆ ಹೆಡ್‌ಫೋನು ಮುಟ್ಟಲಿಲ್ಲ.

ಸಂಜೆ ಆರಕ್ಕೆ ಇಬ್ಬರು ಮಹಿಳಾ ಕಾನ್‌ಸ್ಟೆಬಲ್‌ಗಳೊಂದಿಗೆ ಅವರು ಆ ಮನೆ ತಲುಪಿದರು. ಎರಡನೆಯ ಮಹಡಿಯಲ್ಲಿ ಎರಡು ಕೋಣೆಯ ಮನೆ, ಲಿಫ್ಟ್ ಇರಲಿಲ್ಲ. ಬಾಗಿಲು ತೆರೆದ ಮೆಕ್ಯಾನಿಕ್‌ನ ಒಂದು ಕೈಯಲ್ಲಿ ಸೌಟು ಇತ್ತು. ಅವರನ್ನು ನೋಡಿ ಅವನು ಆಶ್ಚರ್ಯಪಡಲಿಲ್ಲ. ಒಳಕೋಣೆಯಿಂದ ಆ ದುಂಡನೆಯ ಧ್ವನಿ ಬರುತ್ತಿತ್ತು. "ಇಲ್ಲಪ್ಪ, ಅಷ್ಟಕ್ಕೆ ಕೊಡಬೇಡ, ಇನ್ನೊಂದು ಮಾತು ಕೇಳಿ ನೋಡು..." ದಫೇದಾರ ಹೊಸಿಲಾಚೆಯೇ ನಿಂತುಬಿಟ್ಟ.

"ಭಾನುವಾರ ನಿಮ್ಮ ಹೆಂಡತಿಗೆ ಯಾವ ಕೋಣೆ ಸುಟ್ಟಿತು ಅಂತ ಹೇಳಿದ್ರಿ," ಇನ್‌ಸ್ಪೆಕ್ಟರ್ ದನಿ ತಗ್ಗಿಸಿ ಅಂದರು. "ಅದು ಆಗ ಸ್ಥಳಕ್ಕೆ ಬಂದ ನಮ್ಮನ್ನು, ಮಾಲೀಕನನ್ನು ಬಿಟ್ಟರೆ ಬೆಂಕಿಗೆ ಕಾರಣನಾದ ಒಬ್ಬನಿಗೆ ಮಾತ್ರ ಗೊತ್ತಿತ್ತು."

ಅವನು ತಲೆಯಾಡಿಸಿದ. ಒಲೆ ಆರಿಸಿದ. ಸೌಟು ತೊಳೆದು ಅದರ ಜಾಗದಲ್ಲಿಟ್ಟ.

"ಅವಳದೊಂದು ವ್ಯಾಪಾರ ನಡೀತಿದೆ. ಮುಗಿಯೋವರೆಗೂ ನಿಲ್ಲಬಹುದಾ?"

ಅವರು ಸುಮಾರು ಹತ್ತು ನಿಮಿಷ ನಿಂತರು. ಒಳಗೆ ಯಾರೋ ಮೂರು ಮೂಟೆ ಹತ್ತಿಗೆ ಚೌಕಾಸಿ ಮಾಡಿ, ಕೊನೆಗೆ ಒಪ್ಪಿ, ಅಕ್ಕನಿಗೆ ಕೈಮುಗಿದು ಹೋದರು. ೬.೨೫ಕ್ಕೆ ಬಂಧನ ದಾಖಲಾಯಿತು.

ಠಾಣೆಯಲ್ಲಿ ಅವನು ಸುತ್ತುಬಳಸದೆ ಹೇಳಿದ. ಹೆಂಡತಿ ಸಗಟು ಮಾರುಕಟ್ಟೆಯಲ್ಲಿ ಹರಾಜು ಕೂಗುತ್ತಿದ್ದವಳು. ಆರು ವರ್ಷದ ಹಿಂದೆ ಸಾಮಾನಿನ ಗಾಡಿಯೊಂದು ಹಿಂದಕ್ಕೆ ಬಂದು ಗೋಡೆಗೆ ಒತ್ತಿ ಅವಳ ಕಾಲು ಹೋಯಿತು. ಆಮೇಲೆ ಮನೆಯಿಂದ ಹೊರಗೆ ಹೋಗಲಿಲ್ಲ. ಗಾಲಿ ಕುರ್ಚಿ ತಂದರೂ ಕೂರಲಿಲ್ಲ. ಒಂದು ವರ್ಷ ಹೂಂ, ಊಹೂಂ ಬಿಟ್ಟರೆ ಮಾತಿಲ್ಲ. ಕೆಲಸಕ್ಕೆ ಹೋಗುವ ಕಂಪನಿಯ ಆಟ ನೋಡಿ, ಅದರಲ್ಲಿ ಮಾರುಕಟ್ಟೆ ಇದೆಯೆಂದು ತಿಳಿದು, ಹಳೆಯ ಕಂಪ್ಯೂಟರೊಂದನ್ನು ಮನೆಗೆ ತಂದ. ವಾರ ಕಳೆದ ಮೇಲೆ ಒಂದು ದಿನ ಮೆಟ್ಟಿಲು ಹತ್ತುವಾಗಲೇ ಅವಳ ಧ್ವನಿ ಕೇಳಿಸಿತು.

"ಹೋದ ತಿಂಗಳು ಹಲಗೆ ಹಾಕಿದ್ರಲ್ಲ, ಆ ಹದಿನೈದು ದಿನ ಒಬ್ಬರೂ ಅವಳ ಹತ್ರ ಬರಲಿಲ್ಲ. ಹಲಗೆ ನೋಡ್ಕೊಂಡು ಹೊರಟುಹೋಗೋರು. ಅವಳು ಪರದೆ ಮುಂದೆ ಕೂತಿರ್ತಿದ್ದಳು. ಬಾಯಿ ಮುಚ್ಕೊಂಡು. ತಲೆ ಬಾಚೋದು ಬಿಟ್ಟಳು. ನನಗೆ ಆ ಮೊದಲನೇ ವರ್ಷ ಮತ್ತೆ ಬಂದ ಹಾಗಾಯ್ತು ಮೇಡಂ." ಅವನು ಮೇಜಿನ ಅಂಚು ಹಿಡಿದುಕೊಂಡ. "ಹಲಗೆ ಯಂತ್ರ ಚಿಕ್ಕ ಕೋಣೇಲಿದೆ, ಅಲ್ಲಿ ಸ್ವಲ್ಪ ಜಾಸ್ತಿ ತಣ್ಣಗಿರಲಿ ಅಂತ ಆ ಹುಡುಗೀನೇ ನನಗೆ ಹೇಳಿದ್ದಳು. ಬಿಸಿಯಾಗಿ ಕೆಟ್ಟುಹೋಗ್ಲಿ ಅಂತಷ್ಟೇ ಮಾಡಿದ್ದು. ಟೆರೇಸಲ್ಲಿದ್ದೆ. ಹೊಗೆ ಬಂದಾಗ ಓಡಿಹೋಗೋಣ ಅಂತ ಹಿಂದಿನ ಮೆಟ್ಟಿಲಿಗೆ ಬಂದೆ. ಒಳಗೆ ಕೆಮ್ಮು ಕೇಳಿಸ್ತು."

"ಎಳೆದು ತಂದು ಬಿಟ್ಟು ಹೋದ್ರಿ."

"ಉಸಿರಾಡ್ತಿದ್ದಳು. ದರ್ಜಿ ಮೇಲೆ ಬರೋ ಸದ್ದು ಕೇಳಿಸ್ತು. ಆಮೇಲೆ ಪಕ್ಕದ ಟೆರೇಸ್ ದಾಟಿ ಹೋದೆ." ತಲೆ ಎತ್ತಲಿಲ್ಲ. "ಸದ್ದು ಕೇಳಿಸದೆ ಇದ್ದಿದ್ರೆ ನಿಂತಿರ್ತಿದ್ದೆನೋ ಇಲ್ಲವೋ, ಅದು ನನಗೇ ಗೊತ್ತಿಲ್ಲ."

ಭಾನುವಾರ ಬೆಳಿಗ್ಗೆ ಹೆಂಡತಿಯ ಹೇಳಿಕೆ ಪಡೆಯಲು ಇನ್‌ಸ್ಪೆಕ್ಟರ್ ಮತ್ತೆ ಆ ಮನೆಗೆ ಹೋದರು. ದಫೇದಾರ ತಾನೂ ಬರುತ್ತೇನೆಂದ. ಪಕ್ಕದ ಮನೆಯಾಕೆ ರಾತ್ರಿ ಜೊತೆಗೆ ಮಲಗಿದ್ದಳು. ಹೆಂಡತಿ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದಳು. ಅಗಲವಾದ ಮುಖ, ನಿದ್ದೆಯಿಲ್ಲದ ಕಣ್ಣು. ಇನ್‌ಸ್ಪೆಕ್ಟರ್ ಗಂಡ ಹೇಳಿದ್ದನ್ನು ಒಂದೂ ಬಿಡದೆ ಓದಿದರು. ಅವಳು ಪೂರ್ತಿ ಕೇಳಿಸಿಕೊಂಡಳು.

"ಹಲಗೆ ಹಾಕಿ ಅಂತ ಆ ಹುಡುಗಿಗೆ ಹೇಳಿದವಳು ನಾನು," ಎಂದಳು.

ಇನ್‌ಸ್ಪೆಕ್ಟರ್ ಬರೆಯುವುದನ್ನು ನಿಲ್ಲಿಸಿದರು.

"ಅವಳಿಗೆ ನಾನು ಯಾರ ಹೆಂಡತಿ ಅಂತ ಗೊತ್ತಿಲ್ಲ. ಆಟದಲ್ಲೇ ಪರಿಚಯ. ಆ ಉಪ್ಪಿನವನು ಹೊಸಬರನ್ನ ಸುಲೀತಿದ್ದ. ಎಚ್ಚರ ಇದ್ದಾಗ ನಾನು ನೋಡ್ಕೊಳ್ತಿದ್ದೆ, ನಾನು ಮಲಗಿದಾಗ ಬಂದವರು ಅತ್ಕೊಂಡು ಹೋಗ್ತಿದ್ರು. ನಾನೊಬ್ಬಳು ಎಷ್ಟು ಜನಕ್ಕೆ ಅಂತ ಹೇಳಲಿ? ಎಲ್ಲರಿಗೂ ಕಾಣೋ ಹಾಗೆ ಬೆಲೆ ಬರೆದು ಹಾಕಮ್ಮ ಅಂದೆ. ನಾವು ಹರಾಜು ಕೂಗುವಾಗ ಎಲ್ಲರಿಗೂ ಕೇಳೋ ಹಾಗೇ ಕೂಗಬೇಕಿತ್ತು. ಕಿವಿಯಲ್ಲಿ ಹೇಳಿದ್ರೆ ಅದು ವ್ಯಾಪಾರ ಅಲ್ಲ."

"ಆದರೆ ಆ ಹದಿನೈದು ದಿನ ನೀವು..."

"ಬೇಜಾರಾಯ್ತು. ಆಗದೆ ಇರತ್ತಾ? ಆದರೆ ಸರಿಯಾದದ್ದು ಸರಿನೇ. ರೂಢಿ ಮಾಡ್ಕೊಳ್ತಿದ್ದೆ. ಆಮೇಲೆ ಅವಳಿಗೇ ಇನ್ನೊಂದು ಹೇಳಿದೆ. ಹಲಗೆ ಪಕ್ಕ ನಾಲ್ಕು ಜನ ಕೂರೋ ಜಾಗ ಮಾಡು, ಕೊಂಡಾದ ಮೇಲೆ ಜನ ಕೂತು ಮಾತಾಡ್ಲಿ ಅಂತ. ಖುಷಿ ಪಟ್ಟಳು. ಭಾನುವಾರ ರಜಾ, ಯಾರೂ ಇರಲ್ಲ, ಕೂತು ಮುಗಿಸ್ತೀನಿ ಅಕ್ಕ ಅಂದಿದ್ದಳು."

ಅವಳ ಧ್ವನಿ ಅಲ್ಲಿಗೆ ನಿಂತಿತು. ಮತ್ತೆ ಬಂದಾಗ ಅದು ಬೇರೆಯದೇ ಧ್ವನಿ. ಮಾರುಕಟ್ಟೆಯ ಈ ತುದಿಯಿಂದ ಆ ತುದಿಗೆ ಮುಟ್ಟುವಂಥದ್ದು.

"ಒಂದು ಮಾತು ಕೇಳಬಾರದಿತ್ತಾ ಆ ಮನುಷ್ಯ? ಬಾಗಿಲಲ್ಲಿ ನಿಂತು ನೋಡ್ತಿದ್ದ, ನೋಡಿ ಹೋಗ್ತಿದ್ದ! ಏನಾಯ್ತೇ ನಿನಗೆ ಅಂತ ಒಂದು ಸಲ, ಒಂದೇ ಸಲ ಕೇಳಿದ್ರೆ ಹೇಳ್ತಿರಲಿಲ್ವಾ ನಾನು? ನನಗೋಸ್ಕರ ಅಂತೆ! ಆ ಮಗು ಸತ್ತಿದ್ರೆ ನಾನು ಯಾವ ಮುಖ ಇಟ್ಕೊಂಡು ಬದುಕಬೇಕಿತ್ತು?"

ಎದುರುಮನೆಯ ಬಾಗಿಲು ತೆರೆಯಿತು. ಕೆಳಗಿನ ಮಹಡಿಯವರು ಮೆಟ್ಟಿಲಿಗೆ ಬಂದು ನಿಂತರು. ಅವಳು ಬೈಯುತ್ತಲೇ ಇದ್ದಳು. ಕೊನೆಗೆ ಸೆರಗಿನಿಂದ ಮುಖ ಒರೆಸಿಕೊಂಡಳು.

"ಈ ಹಲಗೆ ವಿಷಯ ನೀವು ಅವರಿಗೆ ಹೇಳಬೇಡಿ. ನಾನೇ ಹೇಳ್ತೀನಿ. ನನ್ನನ್ನ ಅಲ್ಲಿಗೆ ಕರ್ಕೊಂಡು ಹೋಗಕ್ಕಾಗತ್ತಾ?"

"ಎರಡು ಮಹಡಿ ಇಳೀಬೇಕಲ್ಲಮ್ಮ," ಎಂದರು ಇನ್‌ಸ್ಪೆಕ್ಟರ್.

ಅಷ್ಟು ಹೊತ್ತೂ ಬಾಗಿಲ ಬಳಿ ನಿಂತಿದ್ದ ದಫೇದಾರ ಒಂದು ಹೆಜ್ಜೆ ಒಳಗಿಟ್ಟ. "ಕುರ್ಚಿ ಸಮೇತ ಎತ್ಕೊಂಡು ಹೋಗೋಣ ಅಕ್ಕ. ನಾನು ಇದ್ದೀನಿ."

ಆ ಧ್ವನಿ ಕೇಳಿ ಅವಳು ತಿರುಗಿ ನೋಡಿದಳು. ಖಾಕಿ ಬಟ್ಟೆಯನ್ನೂ ಮೀಸೆಯನ್ನೂ ಬಹಳ ಹೊತ್ತು ನೋಡಿದಳು. ದಫೇದಾರ ನೆಲ ನೋಡಿದ.

"ಉಪ್ಪಿನಣ್ಣ," ಎಂದಳು ಕೊನೆಗೆ. ಅದರಲ್ಲಿ ಸಿಟ್ಟಿತ್ತೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. "ಕುರ್ಚಿ ಮಂಚದ ಕೆಳಗಿದೆ. ತೆಗಿ."

ವರದಿಯಲ್ಲಿ ಅಪರಾಧದ ಉದ್ದೇಶ ಬರೆಯುವ ಜಾಗ ಬೆಳಿಗ್ಗೆಯಿಂದ ಖಾಲಿಯಿತ್ತು. ಠಾಣೆಗೆ ಮರಳಿದ ಮೇಲೆ ಇನ್‌ಸ್ಪೆಕ್ಟರ್ ಅಲ್ಲಿ 'ಹೆಂಡತಿಯ ಮಾತು ನಿಂತುಹೋಗುವುದೆಂಬ ಭಯ' ಎಂದು ಬರೆದರು. ಇಲಾಖೆಯ ಭಾಷೆಯಾಗಲಿಲ್ಲ ಎನ್ನಿಸಿತು. ಹೊಡೆದುಹಾಕಲಿಲ್ಲ.

ಆಮೇಲೆ ಲಾಕಪ್ಪಿನ ಬಳಿ ಹೋದರು. ಮೆಕ್ಯಾನಿಕ್ ಕಂಬಿ ಹಿಡಿದು ನಿಂತಿದ್ದ.

"ಅವಳು ಏನಂದಳು?"

"ಬೈದರು."

"ಜೋರಾಗಾ?"

"ಕೆಳಗಿನ ಮನೆಯವರೆಲ್ಲ ಮೇಲೆ ಬಂದರು."

ಅವನ ಹೆಗಲು ಇಳಿಯಿತು. ವಾರದಿಂದ ಹಿಡಿದಿಟ್ಟಿದ್ದ ಉಸಿರನ್ನು ಈಗ ಬಿಟ್ಟಂತೆ ಕಂಡಿತು.

"ಕೋರ್ಟಿಗೆ ಹೋಗೋ ಮೊದಲು ನಿಮ್ಮ ಹತ್ರ ಏನೋ ಹೇಳಬೇಕಂತೆ," ಇನ್‌ಸ್ಪೆಕ್ಟರ್ ಅಂದರು. "ಹೊರಗೆ ಜೀಪಲ್ಲಿದ್ದಾರೆ. ಕುರ್ಚಿ ಇಳಿಸ್ತಿದ್ದಾರೆ."

"ಎಲ್ಲಿ?" ಅವನಿಗೆ ಅರ್ಥವಾಗಲಿಲ್ಲ. "ಅವಳು ಮನೆಯಿಂದ ಹೊರಗೆ ಬಂದಿದ್ದಾಳಾ?"

"ಬಂದಿದ್ದಾರೆ."

ಅಂಗಳದಲ್ಲಿ ಗಾಲಿ ಉರುಳುವ ಸದ್ದು ಕೇಳಿಸಿತು. ಮೆಕ್ಯಾನಿಕ್ ಕಂಬಿಯಿಂದ ಕೈ ತೆಗೆದು, ಎರಡೂ ಅಂಗೈಯಿಂದ ತಲೆಗೂದಲನ್ನು ಒತ್ತಿ ಸರಿಮಾಡಿಕೊಂಡು, ಅಂಗಿಯ ಮೇಲಿನ ಗುಂಡಿ ಹಾಕಿಕೊಳ್ಳತೊಡಗಿದ.